ಒಗೆಯುವ ಯಂತ್ರದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನಾವು ಸಾಮಾನ್ಯವಾಗಿ ದೇವಾಲಯಗಳಿಗೂ ಕೆರೆಕಟ್ಟೆಗಳಿಗೂ ಬಳಸುತ್ತೇವೆ. ಶಿಥಿಲವಾದುದನ್ನು ಕೆಡವಿ ಅದೇ ಸ್ಥಳದಲ್ಲಿ ಹೊಸದನ್ನು ಕಟ್ಟಿದರೆ ಅದು ಜೀರ್ಣೋದ್ಧಾರವೆನಿಸದು. ಇದ್ದುದನ್ನು ಚೆನ್ನಾಗಿ ಅರಿತು, ಉಳಿಯತಕ್ಕದ್ದನ್ನು ಉಳಿಸಿ, ಕೆಟ್ಟುಹೋದುದನ್ನು ಮಾತ್ರ ಬದಲಾಯಿಸಿ, ಅದು ಹಿಂದೆ ಮಾಡುತ್ತಿದ್ದ ಕೆಲಸವನ್ನು ಮರಳಿ ಮಾಡುವಂತೆ ಅಣಿಗೊಳಿಸುವುದೇ ಜೀರ್ಣೋದ್ಧಾರ. ಈ ಅರ್ಥದಲ್ಲಿ ಯಂತ್ರಗಳಿಗೂ ಜೀರ್ಣೋದ್ಧಾರವುಂಟು. ಅಮೆರಿಕ ದೇಶದಲ್ಲಿ ಐವತ್ತು, ಅರುವತ್ತು, ಎಂಬತ್ತು ವರ್ಷಗಳಷ್ಟು ಹಳೆಯವಾದ ಬಟ್ಟೆ ಒಗೆಯುವ ಯಂತ್ರಗಳನ್ನು ಹುಡುಕಿ ಕೊಂಡು, ಮನೆಗೆ ಸಾಗಿಸಿ, ಬಿಚ್ಚಿ, ಸರಿಪಡಿಸಿ, ಮತ್ತೆ ಓಡಿಸುವ ಹವ್ಯಾಸವುಳ್ಳವರು ಅನೇಕರಿದ್ದಾರೆ. ಅವರ ಕೆಲಸದ ಕ್ರಮವನ್ನು ವಿದ್ಯಾರ್ಥಿಗಳು ತಿಳಿಯುವುದು ಲೇಸು. ಏಕೆಂದರೆ ಯಂತ್ರವನ್ನು ಅರಿಯದೆ ಕೊಳ್ಳಬಹುದು, ಅರಿಯದೆ ಬಳಸಲೂಬಹುದು. ಅರಿಯದೆ ಉದ್ಧರಿಸಲು ಮಾತ್ರ ಸಾಧ್ಯವಿಲ್ಲ.

೧. ಕೈಯ ಕೆಲಸವು ಯಂತ್ರಕ್ಕೆ ಬಂದ ಬಗೆ

ಬಟ್ಟೆ ಒಗೆಯುವುದೆಂದರೆ ಮುಖ್ಯವಾಗಿ ಮೂರು ಕೆಲಸಗಳು: ಸಾಬೂನಿನ ನೀರಿನಲ್ಲಿ ನೆನೆಸುವುದು, ಆ ನೀರು ನೂಲಿನ ಎಳೆಎಳೆಯ ನಡುವೆ ಹಾಯುವಂತೆ ಬಟ್ಟೆಯನ್ನು ಅಲುಗಿಸುವುದು, ಕೊಳೆಯನ್ನು ಹೊತ್ತ ನೀರನ್ನು ಹಿಂಡಿ ತೆಗೆಯುವುದು. ಮಹಾಲಕ್ಷ್ಮಿ ರೈಲು ನಿಲ್ದಾಣದ ಸೇತುವೆಯ ಮೇಲೆ ನಿಂತು ಧೋಬಿಘಾಟನ್ನು ನೋಡಿದವರಿಗೆ ಈ ಮೂರೂ ಕೆಲಸಗಳು ಒಂದೇ ನೋಟದಲ್ಲಿ ಕಾಣಸಿಗುತ್ತವೆ. ಕಲ್ಲಿನ ಮೇಲೆ ಬಟ್ಟೆಯನ್ನು ಬಡಿಯುವುದು ಎರಡನೆಯ ಕೆಲಸ. ಇಬ್ಬರು ಎರಡು ತುದಿಗಳನ್ನು ಹಿಡಿದು ತಿರುಚುವುದು ಮೂರನೆಯದು. ಒಗೆಯುವ ಯಂತ್ರವನ್ನು ಕಂಡುಹಿಡಿದವರೆಲ್ಲರೂ ಈ ಎರಡನೆಯ ಮತ್ತು ಮೂರನೆಯ ಕೆಲಸಗಳನ್ನು ಮನುಷ್ಯನ ತೋಳುಗಳಿಂದ ತೆಗೆದು ಮರಕ್ಕೂ ಲೋಹಕ್ಕೂ ವಹಿಸಲು ಯತ್ನಿಸಿದವರೇ ಆಗಿದ್ದಾರೆ.

ಜರ್ಮನಿಯ ರೇಗೆನ್ಸ್‌ಬರ್ಗ್ ನಗರದಲ್ಲಿದ್ದ ಯಾಕೋಬ್ ಕ್ರಿಶ್ಚಿಯನ್ ಶೆಫರ್ ಎಂಬ ವಿದ್ವಾಂಸರು ೧೭೬೭ರಲ್ಲಿಯೇ ಒಂದು ಒಗೆಯುವ ಯಂತ್ರದ ವಿವರಣೆಯನ್ನು ಪ್ರಕಟಿಸಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಇಂತಹ ಯಂತ್ರಗಳಿಗೆ ಪೇಟೆಂಟುಗಳು ಮೇಲಿಂದ ಮೇಲೆ ದೊರೆತವು. ಅವುಗಳಲ್ಲಿ ಬಹುತೇಕ ಮರದ ತೊಟ್ಟಿಗಳು, ಕೈಯಿಂದ ತಿರುಗಿಸಬೇಕಾದವು. ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಬಂದುದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ.

ಈ ಲೇಖನಕ್ಕೆ ಒಂದೇ ಒಂದು ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ಅಮೆರಿಕದ ಅಯೋವ ಸಂಸ್ಥಾನದ ನ್ಯೂಟನ್ ಎಂಬ ಸಣ್ಣ ಪಟ್ಟಣದಲ್ಲಿ ತಯಾರಾಗುತ್ತಿದ್ದ ಮೇಟ್ಯಾಗ್ ಯಂತ್ರ. ಎಫ್. ಎಲ್. ಮೇಟ್ಯಾಗ್ ಎಂಬವರು ೧೮೯೩ರಲ್ಲಿ ಪಾಲುದಾರರೊಡನೆ ಅಲ್ಲಿ ಒಂದು ಕಾರ್ಖಾನೆಯನ್ನು ತೆರೆದರು. ಆಗ ಅಲ್ಲಿ ತಯಾರಾಗುತ್ತಿದ್ದುದು ತೆನೆ ಬಡಿಯುವ ಯಂತ್ರಗಳಿಗೆ ಸೇರಿದ ಸಲಕರಣೆ. ಬೇಸಾಯದ ಸಲಕರಣೆಗಳಿಗೆ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಗಿರಾಕಿಗಳಿರುವುದಿಲ್ಲ. ಬಿಡುವಿನ ತಿಂಗಳುಗಳಲ್ಲಿಯೂ ಕಾರ್ಖಾನೆಗೆ ಕೆಲಸವಿರಲೆಂದು ೧೯೦೭ರಲ್ಲಿ ಕೈಯಿಂದ ತಿರುಗಿಸುವ ಮರದ ಒಗೆಯಂತ್ರವೊಂದನ್ನು ಮಾಡಿದರು. ಉಪಕಸುಬಾಗಿ ಬಂದದ್ದೇ ಮುಂದೆ ಮುಖ್ಯ ಕಸುಬಾಯಿತು.

ಅಂದಿನ ಅಮೆರಿಕದ ಹಳ್ಳಿಗಳಲ್ಲಿ ವಿದ್ಯುತ್ತು ಇರಲಿಲ್ಲ. ೧೯೩೦ರ ದಶಕದ ನಡುಭಾಗದಲ್ಲಿಯೂ ಅಲ್ಲಿನ ಹೊಲಮನೆಗಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ಮಾತ್ರ ವಿದ್ಯುದ್ದೀಪವಿದ್ದಿತು. ಇದನ್ನರಿತ ಮೇಟ್ಯಾಗ್ ಕಾರ್ಖಾನೆಯವರು ೧೯೧೪–೧೫ರ ಸುಮಾರಿಗೇ ಪೆಟ್ರೋಲಿನಿಂದ ನಡೆಯುವ ಸಣ್ಣ ಎಂಜಿನನ್ನು ಯಂತ್ರಕ್ಕೆ ಜೋಡಿಸಿದರು. ೧೯೧೯ರಲ್ಲಿ ಅಲ್ಯುಮಿನಿಯಂ ಲೋಹವನ್ನು ಎರಕ ಹೊಯ್ದು ಇಡೀ ತೊಟ್ಟಿಯನ್ನು ಒಂದೇ ತುಂಡಾಗಿ ತಯಾರಿಸುವುದರಲ್ಲಿ ಯಶಸ್ವಿಯಾದರು. ೧೯೨೨ರಲ್ಲಿ ಇನ್ನೊಂದು ದೊಡ್ಡ ಬದಲಾವಣೆಯಾಯಿತು. ಅಲ್ಲಿಯವರೆಗೆ ಬಟ್ಟೆಯನ್ನು ಕಲಕುವ ಸಾಧನವು ಮುಚ್ಚಳದಿಂದ ಕೆಳಕ್ಕೆ ಜೋತುಬಿದ್ದು, ಬಟ್ಟೆಯನ್ನು ನೀರಿನಲ್ಲಿ ಎಳೆದಾಡುತ್ತಿತ್ತು. ಹೊಸ ಯಂತ್ರದಲ್ಲಿ ರೆಕ್ಕೆಗಳುಳ್ಳ ಆ ಕಲಕುವ ಸಾಧನವನ್ನು ತೊಟ್ಟಿಯ ತಳದಲ್ಲಿ ಇರಿಸಿದರು. ಈಗ ಎಳೆದಾಡುವ ಬದಲಿಗೆ ನೀರನ್ನೇ ಬಟ್ಟೆಯೊಳಗೆ ನೂಕುವಂತಾಯಿತು. ಕೊಳೆ ಬೇಗ ಬಿಟ್ಟಿತು. ಬಟ್ಟೆಯ ಸವೆತ ಕಡಿಮೆಯಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಿಂದ ೧೯೪೫ರವರೆಗೆ, ಅಮೆರಿಕದಲ್ಲಿ ಒಗೆಯುವ ಯಂತ್ರಗಳ ತಯಾರಿಕೆ ನಿಂತು, ಕಾರ್ಖಾನೆಗಳು ಯುದ್ಧಸಾಮಗ್ರಿಯ ಕೆಲಸಕ್ಕೆ ತಿರುಗಿದವು. ಆಗ ಮನೆಯಲ್ಲಿದ್ದ ಹಳೆಯ ಯಂತ್ರವನ್ನು ಸರಿಪಡಿಸಿಕೊಳ್ಳುವುದಲ್ಲದೆ ಬೇರೆ ದಾರಿಯಿರಲಿಲ್ಲ. ಯುದ್ಧಾನಂತರ, ತಾನೇ ಒಗೆದು ತಾನೇ ನೀರು ತೆಗೆಯುವ ಸ್ವಯಂಚಾಲಿತ ಯಂತ್ರಗಳು ಮಾರುಕಟ್ಟೆಯನ್ನು ತುಂಬಿದವು. ಆದರೂ ಹಿಂಡುವ ಉರುಳೆಗಳುಳ್ಳ ಹಳೆಯ ಬಗೆಯ ಯಂತ್ರವನ್ನು ಮೇಟ್ಯಾಗ್ ಕಾರ್ಖಾನೆಯು ೧೯೮೩ರವರೆಗೂ ತಯಾರಿಸುತ್ತಿತ್ತು. ಇಂದು ಉದ್ಧಾರಕ್ಕೆ ಒಳಗಾಗುವ ಯಂತ್ರಗಳಲ್ಲಿ ಈ ಬಗೆಯವು ಬಹಳ.

೨. ಯಂತ್ರದ ಒಳಗಿನ ವ್ಯವಸ್ಥೆ

ಕೊಳ್ಳುವುದಕ್ಕೆ ಮೊದಲು ಯಂತ್ರದ ಅಂಗಾಂಗಗಳ ಪರಿಚಯವಿರಬೇಕು. ನಾಲ್ಕು ಕಾಲುಗಳ ಮೇಲೆ ಒಂದು ತೊಟ್ಟಿ; ಕಾಲುಗಳ ತುದಿಯಲ್ಲಿ ಸಣ್ಣ ಚಕ್ರಗಳು. ತೊಟ್ಟಿಯ ಕೆಳಗೆ ಒಂದು ಪಕ್ಕದಲ್ಲಿ ವಿದ್ಯುತ್ ಮೋಟಾರು, ನಡುವೆ ಎಣ್ಣೆ ತುಂಬಿದ ಹಲ್ಲುಚಕ್ರಗಳ ಪೆಟ್ಟಿಗೆ. ಮೋಟಾರಿನ ಸಣ್ಣ ರಾಟೆಯಿಂದ ಪೆಟ್ಟಿಗೆಯ ದೊಡ್ಡ ರಾಟೆಗೆ ಒಂದು ರಬ್ಬರಿನ ಬೆಲ್ಟು. ಪೆಟ್ಟಿಗೆಯಿಂದ ಮೇಲಕ್ಕೆದ್ದ ಒಂದು ಕಂಬಿಯು ತೊಟ್ಟಿಯ ನಡುವೆ ಬಂದು ಕಲಕುವ ಸಾಧನವನ್ನು ಹೊತ್ತಿರುತ್ತದೆ. ಇನ್ನೊಂದು ಕಂಬಿಯು ತೊಟ್ಟಿಯ ಹೊರಬದಿಯಲ್ಲಿ ಮೇಲಕ್ಕೇರಿ, ಹಿಂಡುವ ಉರುಳೆಗಳನ್ನು ತಿರುಗಿಸುತ್ತದೆ.

ಮೋಟಾರು ಒಂದೇ ದಿಕ್ಕಿಗೆ ತಿರುಗುತ್ತದೆ. ಆದರೆ ಕಲಕುವ ಸಾಧನವು ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ, ಹೀಗೆ ಹಿಂದುಮುಂದಾಗಿ ತಿರುಗಬೇಕು. ನಮ್ಮ ಅಜ್ಜಿಯರು ಮೊಸರು ಕಡೆಯುವಾಗ ಹಗ್ಗದ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆಯುತ್ತಿದ್ದರಷ್ಟೆ? ಆಗ ಕಡೆಗೋಲು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತಿರುಗುವುದು. ಯಂತ್ರದಲ್ಲಿ ನಡೆಯುವುದೂ ಅದೇ ಚಲನೆ. ಹಗ್ಗ ಎಳೆಯುವ ಎರಡು ಕೈಗಳ ಕೆಲಸವನ್ನು ಇಲ್ಲಿ ಪೆಟ್ಟಿಗೆಯೊಳಗಿನ ಹಲ್ಲುಚಕ್ರಗಳು ಮಾಡುತ್ತವೆ. ಒಂದೇ ದಿಕ್ಕಿನ ಸುತ್ತುವಿಕೆಯನ್ನು ಅವು ಹಿಂದುಮುಂದಿನ ತೂಗಾಟವನ್ನಾಗಿ ಮಾರ್ಪಡಿಸುತ್ತವೆ. ಅದೇ ಹೊತ್ತಿನಲ್ಲಿ ವೇಗವು ತಗ್ಗಿ ಬಲವು ಹೆಚ್ಚುತ್ತದೆ.

ಹಿಂಡುವ ಭಾಗವು ಕಬ್ಬಿನ ಗಾಣದಂತೆ. ರಬ್ಬರಿನ ಎರಡು ಉರುಳೆಗಳು ಒಂದನ್ನೊಂದು ಒತ್ತಿಕೊಂಡು ಎದುರುಬದುರಾಗಿ ತಿರುಗುತ್ತವೆ. ಒದ್ದೆಬಟ್ಟೆ ಒಂದು ಕಡೆಯಿಂದ ಹೋಗಿ, ನೀರನ್ನು ಹಿಂದೆ ಬಿಟ್ಟು, ಇನ್ನೊಂದು ಕಡೆಯಿಂದ ಹಲಗೆಯಂತೆ ಚಪ್ಪಟೆಯಾಗಿ ಹೊರಬರುತ್ತದೆ.

ಇಡೀ ಯಂತ್ರದಲ್ಲಿ ಗುಟ್ಟಿನ ಭಾಗವೆಂಬುದಿಲ್ಲ. ಪ್ರತಿಯೊಂದು ಅಂಗಕ್ಕೂ ಕಣ್ಣಿಗೆ ಕಾಣುವ ಒಂದೊಂದು ಕೆಲಸ. ಪ್ರತಿಯೊಂದು ಜೋಡಣೆಗೂ ಬಿಚ್ಚಬಹುದಾದ ತಿರುಪು. ಇಷ್ಟು ವರ್ಷಗಳ ತರುವಾಯವೂ ಅದನ್ನು ಉದ್ಧರಿಸಲು ಸಾಧ್ಯವಾಗುವುದು ಇದರಿಂದಲೇ.

೩. ಕೊಳ್ಳುವ ಮುನ್ನ

ಅಯೋವ ಮೊದಲಾದ ಸಂಸ್ಥಾನಗಳಲ್ಲಿ ವ್ಯವಸಾಯವನ್ನು ಬಿಟ್ಟವರ ಹೊಲಮನೆಯ ಸಾಮಾನುಗಳನ್ನು ಹರಾಜು ಹಾಕುವ ರೂಢಿಯಿದೆ. ಹಳೆಯ ಯಂತ್ರಗಳು ಹೆಚ್ಚಾಗಿ ದೊರೆಯುವುದು ಅಲ್ಲಿಯೇ. ಕೊಟ್ಟಿಗೆಯ ಮೂಲೆಯಲ್ಲಿಯೋ ನೆಲಮಾಳಿಗೆಯಲ್ಲಿಯೋ ದೂಳು ತಿನ್ನುತ್ತಾ ನಿಂತಿರುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಹೊಸ ಬಣ್ಣ ಬಳಿದು ಥಳಥಳಿಸುವ ಯಂತ್ರಕ್ಕಿಂತ, ದೂಳು ಮೆತ್ತಿಕೊಂಡಿದ್ದರೂ ಎಲ್ಲ ಭಾಗಗಳನ್ನು ಉಳಿಸಿಕೊಂಡ ಯಂತ್ರವೇ ಮೇಲು. ಪರೀಕ್ಷಿಸಬೇಕಾದ ಅಂಶಗಳು ಇವು:

ಮೊದಲನೆಯದಾಗಿ, ತೊಟ್ಟಿ. ಅಲ್ಯುಮಿನಿಯಮಿಗೆ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ; ಆದರೆ ಸಾಬೂನಿನ ನೀರು ಬಹುಕಾಲ ನಿಂತಿದ್ದರೆ ಬಿಳಿಯ ಪುಡಿ ಕಟ್ಟಿ ಸಣ್ಣ ಕುಳಿಗಳು ಬೀಳುತ್ತವೆ. ಕುಳಿಗಳಿದ್ದರೆ ಬಾಧೆಯಿಲ್ಲ; ತೂತು ಮತ್ತು ಬಿರುಕು ಇರಬಾರದು.

ಎರಡನೆಯದಾಗಿ, ಹಲ್ಲುಚಕ್ರಗಳ ಪೆಟ್ಟಿಗೆ. ದೊಡ್ಡ ರಾಟೆಯನ್ನು ಕೈಯಿಂದ ಮೆಲ್ಲನೆ ತಿರುಗಿಸಿದರೆ ಕಲಕುವ ಕಂಬಿ ತೂಗಾಡಬೇಕು. ಕಟಕಟ ಸದ್ದಾದರೆ ಹಲ್ಲು ಮುರಿದಿರಬಹುದು. ಒಂದೆರಡು ತೊಟ್ಟು ಎಣ್ಣೆಯನ್ನು ತೆಗೆದು ನೋಡಬೇಕು. ಎಣ್ಣೆ ಕಪ್ಪಾಗಿದ್ದರೆ ಅದು ಬರಿಯ ವಯಸ್ಸಿನ ಲಕ್ಷಣ. ಹಾಲಿನಂತೆ ಬಿಳಿಚಿದ್ದರೆ ಒಳಕ್ಕೆ ನೀರು ಸೇರಿದೆ ಎಂದರ್ಥ; ನೀರು ಸೇರಿದಲ್ಲಿ ಉಕ್ಕಿಗೆ ತುಕ್ಕು ತಪ್ಪಿದ್ದಲ್ಲ.

ಮೂರನೆಯದಾಗಿ, ಕಲಕುವ ಸಾಧನ. ಅದು ಕಂಬಿಯಿಂದ ಮೇಲಕ್ಕೆ ಎದ್ದುಬರಬೇಕು. ಹಲವು ಯಂತ್ರಗಳಲ್ಲಿ ಅದು ಅಂಟಿಕೊಂಡಿರುತ್ತದೆ.

ನಾಲ್ಕನೆಯದಾಗಿ, ಉರುಳೆಗಳು. ಹಿಂದಿನ ಒಡೆಯರು ಒತ್ತಡವನ್ನು ಸಡಿಲಿಸದೆ ಬಿಟ್ಟಿದ್ದರೆ ರಬ್ಬರು ಒಂದೆಡೆ ಚಪ್ಪಟೆಯಾಗಿ, ಗಟ್ಟಿಯಾಗಿ, ಬಿರಿದಿರುತ್ತದೆ. ಇದಕ್ಕೆ ಪರಿಹಾರವುಂಟು, ಆದರೆ ಬೆಲೆ ಕಟ್ಟುವಾಗ ಗಮನದಲ್ಲಿರಬೇಕು. ಒತ್ತಡವನ್ನು ಥಟ್ಟನೆ ಬಿಡಿಸುವ ಸನ್ನೆಯು ಇಲ್ಲದ ಯಂತ್ರವನ್ನು ಮಾತ್ರ ಕೊಳ್ಳಲೇಬಾರದು. ಅದರ ಕಾರಣವನ್ನು ಮುಂದೆ ಹೇಳಲಾಗುವುದು.

ಕೊನೆಯದಾಗಿ, ವಿದ್ಯುತ್ ತಂತಿ. ಹಳೆಯ ತಂತಿಯ ಮೇಲಿನ ರಬ್ಬರು ಬೆರಳಿನಿಂದ ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಮಾರುವವನು "ಈಗಲೇ ಹಾಕಿ ತೋರಿಸುತ್ತೇನೆ" ಎಂದರೂ ಒಪ್ಪಬಾರದು. ಪರೀಕ್ಷಿಸದ ಹಳೆಯ ಯಂತ್ರಕ್ಕೆ ವಿದ್ಯುತ್ತನ್ನು ಹಾಯಿಸುವುದು ಅಪಾಯಕರ.

೪. ಸಾಗಿಸುವ ಕ್ರಮ

ಬಲವಿದ್ದರೆ ಸಾಕು, ಸಾಗಿಸಬಹುದು ಎಂದು ಕೆಲವರು ತಿಳಿದಿರುತ್ತಾರೆ. ವಾಸ್ತವವಾಗಿ ಇಲ್ಲಿ ಬಲಕ್ಕಿಂತ ಭೌತಶಾಸ್ತ್ರವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಯಂತ್ರದ ತೂಕದ ಹೆಚ್ಚಿನ ಪಾಲು ಕೆಳಗಿರುವ ಮೋಟಾರಿನಲ್ಲಿಯೂ ಹಲ್ಲುಚಕ್ರಗಳ ಪೆಟ್ಟಿಗೆಯಲ್ಲಿಯೂ ಇದೆ. ಹಿಂಡುವ ಭಾಗವು ಮಾತ್ರ ಮೇಲ್ತುದಿಯಲ್ಲಿ ಒಂದು ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಆದುದರಿಂದ ಅದನ್ನು ಮೊದಲು ಕಳಚಿಡಬೇಕು. ಆಗ ಗುರುತ್ವಕೇಂದ್ರವು ಕೆಳಕ್ಕಿಳಿದು ನಡುವಿಗೆ ಬರುತ್ತದೆ. ಯಂತ್ರವು ಸುಲಭವಾಗಿ ಉರುಳುವುದಿಲ್ಲ. ಕಲಕುವ ಸಾಧನವನ್ನೂ ಮುಚ್ಚಳವನ್ನೂ ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಡಬೇಕು. ತೊಟ್ಟಿಯಲ್ಲಿಯೂ ಕೊಳವೆಯಲ್ಲಿಯೂ ಉಳಿದ ನೀರನ್ನು ಬಸಿಯಬೇಕು.

ಯಂತ್ರವನ್ನು ಮಲಗಿಸಬಾರದು, ಮಲಗಿಸಿದರೆ ಪೆಟ್ಟಿಗೆಯೊಳಗಿನ ಎಣ್ಣೆ ಹೊರಚೆಲ್ಲುತ್ತದೆ. ಕಾಲಿನ ಸಣ್ಣ ಚಕ್ರಗಳು ಮನೆಯ ನುಣುಪಾದ ನೆಲಕ್ಕೆ ತಕ್ಕವೇ ಹೊರತು ಅಂಗಳದ ಕಲ್ಲುಮಣ್ಣಿಗೆ ತಕ್ಕವಲ್ಲ. ಅಲ್ಲಿ ಎರಡು ಚಕ್ರದ ಕೈಬಂಡಿಯನ್ನು ಉಪಯೋಗಿಸಿ, ಪಟ್ಟಿಯಿಂದ ಬಿಗಿದು, ಸ್ವಲ್ಪವೇ ಓರೆಮಾಡಿ ನಡೆಸಬೇಕು. ಎತ್ತಬೇಕಾದಲ್ಲಿ ಕಾಲುಗಳನ್ನು ಕೂಡಿಸುವ ಕಬ್ಬಿಣದ ಚೌಕಟ್ಟನ್ನು ಹಿಡಿದು ಎತ್ತಬೇಕು. ತೊಟ್ಟಿಯ ಅಂಚನ್ನು ಹಿಡಿದೆತ್ತಿದರೆ ಜೋಡಣೆ ಸಡಿಲವಾಗುತ್ತದೆ. ಲಾರಿಗೆ ಏರಿಸುವಾಗ ಉದ್ದವಾದ ಹಲಗೆಯನ್ನು ಇಳಿಜಾರಾಗಿ ಇಡುವುದು ಲೇಸು. ಎತ್ತರ ಒಂದೇ ಆದರೂ ಹಲಗೆ ಉದ್ದವಾದಷ್ಟೂ ನೂಕಲು ಬೇಕಾಗುವ ಬಲವು ಕಡಿಮೆಯಾಗುತ್ತದೆಂಬುದನ್ನು ನೀವು ಇಳಿಜಾರು ತಲದ ಪಾಠದಲ್ಲಿ ಓದಿರುವಿರಿ. ನೆಲಮಾಳಿಗೆಯ ಮೆಟ್ಟಿಲುಗಳಲ್ಲಿ ತರುವಾಗ ಯಂತ್ರಕ್ಕೆ ಮೇಲಿನಿಂದ ಹಗ್ಗ ಕಟ್ಟಿ ಹಿಡಿದಿರಬೇಕು. ಅದು ಜಾರಿದರೆ ಹಾದುಹೋಗುವ ದಾರಿಯಲ್ಲಿ ಯಾರೂ ನಿಲ್ಲಬಾರದು.

ಎಲ್ಲ ಯಂತ್ರಗಳಿಗೂ ಒಂದೇ ಕ್ರಮವು ಸಲ್ಲುವುದಿಲ್ಲ. ೧೯೩೭ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಬೆಂಡಿಕ್ಸ್ ಎಂಬ ಸ್ವಯಂಚಾಲಿತ ಯಂತ್ರವು ವೇಗವಾಗಿ ಸುತ್ತಿ ನೀರನ್ನು ಹೊರದೂಡುತ್ತಿತ್ತು. ಬಟ್ಟೆ ಒಂದು ಕಡೆಗೆ ಗುಂಪಾದರೆ ಇಡೀ ಯಂತ್ರವೇ ಅದುರುತ್ತಿದ್ದುದರಿಂದ ಅದನ್ನು ನೆಲಕ್ಕೆ ಬೋಲ್ಟುಗಳಿಂದ ಬಿಗಿಯಬೇಕಾಗಿತ್ತು. ಅಂಥದನ್ನು ಕೊಳ್ಳುವವನು ಕಾಂಕ್ರೀಟಿನಿಂದ ಬೋಲ್ಟುಗಳನ್ನು ಬಿಡಿಸುವ ಕೆಲಸಕ್ಕೂ ಸಿದ್ಧನಾಗಿರಬೇಕು.

೫. ಬಿಚ್ಚುವುದು ಮತ್ತು ಸರಿಪಡಿಸುವುದು

ಬಿಚ್ಚುವುದಕ್ಕೆ ಮುನ್ನ ಚಿತ್ರ ಬರೆಯಬೇಕು, ಛಾಯಾಚಿತ್ರಗಳನ್ನೂ ತೆಗೆದುಕೊಳ್ಳಬಹುದು. ಬಿಚ್ಚಿದ ತಿರುಪುಗಳನ್ನು ಬೇರೆಬೇರೆ ಡಬ್ಬಿಗಳಲ್ಲಿಟ್ಟು, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಬೇಕು. ಬಿಚ್ಚಿದ ಕ್ರಮವನ್ನು ಹಿಂದುಮುಂದಾಗಿಸಿದರೆ ಅದೇ ಜೋಡಿಸುವ ಕ್ರಮ.

ಅಂಟಿಕೊಂಡ ಕಲಕುವ ಸಾಧನವನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಲು ಹೋದರೆ ಅದು ಒಡೆದುಹೋಗುತ್ತದೆ. ಅಲ್ಯುಮಿನಿಯಂ ಸಾಧನವಾದರೆ ಅದರ ಮೇಲೆ ಕಾದ ನೀರನ್ನು ಸುರಿಯಬೇಕು. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯುಮಿನಿಯಮು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೊರಗಿನದು ಹೆಚ್ಚು ಹಿಗ್ಗಿ, ಒಳಗಿನ ಉಕ್ಕಿನ ಕಂಬಿ ಕಡಿಮೆ ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಆಗ ಎರಡು ಕೈಗಳಿಂದ ನೇರವಾಗಿ ಮೇಲಕ್ಕೆ ಎಳೆದರೆ ಕಳಚಿಬರುವುದು. ಒಂದು ಸಲ ಬಾರದಿದ್ದರೆ ತಾಳ್ಮೆಯಿಂದ ಹಲವು ಸಲ ಮಾಡಬೇಕು.

ತೊಟ್ಟಿಯನ್ನು ಶುಚಿಮಾಡುವಾಗ ರಸಾಯನಶಾಸ್ತ್ರದ ತಿಳಿವಳಿಕೆ ಬೇಕು. ಜಿಡ್ಡನ್ನು ತೆಗೆಯುವುದರಲ್ಲಿ ಕಾಸ್ಟಿಕ್ ಸೋಡ ಸಮರ್ಥವಾದರೂ ಅದನ್ನು ಅಲ್ಯುಮಿನಿಯಮಿಗೆ ತಾಗಿಸಲೇಬಾರದು. ಅದು ಲೋಹವನ್ನೇ ಕರಗಿಸಿ ಜಲಜನಕ ಅನಿಲವನ್ನು ಹೊರಡಿಸುತ್ತದೆ. ಆ ಅನಿಲವು ಬೆಂಕಿ ಹಿಡಿಯುವಂಥದು. ಮೃದುವಾದ ಸಾಬೂನು, ಬೆಚ್ಚಗಿನ ನೀರು, ನಾರು, ಇವೇ ಸಾಕು. ಬಿಳಿಯ ಕಲೆಗಳಿಗೆ ನಿಂಬೆಹುಳಿಯಂತಹ ಸೌಮ್ಯವಾದ ಆಮ್ಲವನ್ನು ಹಚ್ಚಿ ಕೂಡಲೇ ತೊಳೆಯಬಹುದು. ಚೌಕಟ್ಟಿನ ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವಿದೆ. ಒಣಗಿದ ಬಣ್ಣವನ್ನು ಉಜ್ಜಿ ದೂಳೆಬ್ಬಿಸಿದರೆ ಉಸಿರಿನೊಡನೆ ಸೀಸವೂ ಒಳಹೋಗುವುದು. ಒದ್ದೆಮಾಡಿ ಉಜ್ಜುವುದೇ ಸರಿಯಾದ ವಿಧಾನ. ಬಣ್ಣ ಗಟ್ಟಿಯಾಗಿ ನಿಂತಿದ್ದರೆ ಅದನ್ನು ಹಾಗೆಯೇ ಬಿಡುವುದು ಇನ್ನೂ ಉತ್ತಮ.

ಹಲ್ಲುಚಕ್ರಗಳ ಪೆಟ್ಟಿಗೆಯ ಹಳೆಯ ಎಣ್ಣೆಯನ್ನು ಬಸಿದು, ಒಳಗನ್ನು ತೊಳೆದು, ನೀರು ಇಳಿಯದಂತೆ ತಡೆಯುವ ರಬ್ಬರಿನ ಬಳೆಗಳನ್ನು ಹೊಸದಾಗಿ ಹಾಕಿ, ತಯಾರಕರು ಹೇಳಿದ ಎಣ್ಣೆಯನ್ನೇ ಹೇಳಿದ ಮಟ್ಟಕ್ಕೆ ತುಂಬಬೇಕು. ಸವೆದ ಉರುಳೆಗಳ ಕಬ್ಬಿಣದ ದಂಡವನ್ನು ಉಳಿಸಿಕೊಂಡು ಹೊಸ ರಬ್ಬರನ್ನು ಹೊದಿಸಿಕೊಡುವ ಕಸಬುದಾರರಿದ್ದಾರೆ. ಬೆಲ್ಟು ಅತಿ ಬಿಗಿಯಾಗಿದ್ದರೆ ಬೇರಿಂಗು ಸವೆಯುತ್ತದೆ. ಅತಿ ಸಡಿಲವಾಗಿದ್ದರೆ ಜಾರಿ ಬಿಸಿಯಾಗುತ್ತದೆ. ನಡುವೆ ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ತಗ್ಗಿದರೆ ಹದವಾಗಿದೆ ಎಂದು ತಿಳಿಯಬಹುದು.

ವಿದ್ಯುತ್ತಿನ ಭಾಗವು ಅತ್ಯಂತ ಎಚ್ಚರಿಕೆಯದು. ವಿದ್ಯಾರ್ಥಿಗಳು ಅದನ್ನು ತಾವಾಗಿ ಮಾಡತಕ್ಕದ್ದಲ್ಲ. ಬಲ್ಲ ಹಿರಿಯರೇ ಮಾಡಬೇಕು. ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಎರಡೇ ತಂತಿಗಳಿದ್ದವು, ಭೂಸಂಪರ್ಕವಿರಲಿಲ್ಲ. ಲೋಹದ ತೊಟ್ಟಿ, ಒದ್ದೆಯಾದ ಕೈ, ಒದ್ದೆಯಾದ ನೆಲ, ಇವು ಮೂರೂ ಕೂಡಿದಲ್ಲಿ ತಂತಿಯ ಹೊದಿಕೆಯೊಂದು ಸುಲಿದಿದ್ದರೆ ಪ್ರಾಣಾಪಾಯವೇ ಸರಿ. ಆದುದರಿಂದ ಮೂರು ತಂತಿಗಳ ಹೊಸ ಕೇಬಲನ್ನು ಹಾಕಿ, ಮೂರನೆಯದನ್ನು ಯಂತ್ರದ ಚೌಕಟ್ಟಿಗೆ ಭದ್ರವಾಗಿ ಸೇರಿಸಿ ಭೂಸಂಪರ್ಕ ಕೊಡಬೇಕು. ಪ್ರವಾಹವು ಸೋರಿದೊಡನೆ ಸಂಪರ್ಕವನ್ನು ಕಡಿದುಹಾಕುವ ಸ್ವಿಚ್ಚೂ ಇರಬೇಕು. ಮೋಟಾರಿನ ಸುರುಳಿಗಳಿಗೂ ಅದರ ಕವಚಕ್ಕೂ ನಡುವಿನ ಅವಾಹಕ ಶಕ್ತಿಯನ್ನು ಉಪಕರಣದಿಂದ ಅಳೆದ ಮೇಲೆಯೇ ಮುಂದುವರಿಯಬೇಕು.

ಅಮೆರಿಕದ ಯಂತ್ರವನ್ನು ನಮ್ಮ ದೇಶಕ್ಕೆ ತಂದರೆ ಇನ್ನೊಂದು ತೊಡಕಿದೆ. ಅಲ್ಲಿಯ ಮನೆಗಳ ವಿದ್ಯುತ್ತು ಸುಮಾರು ೧೨೦ ವೋಲ್ಟ್, ಸೆಕೆಂಡಿಗೆ ೬೦ ಆವರ್ತಗಳು. ನಮ್ಮದು ೨೩೦ ವೋಲ್ಟ್, ೫೦ ಆವರ್ತಗಳು. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟುಗಳನ್ನು ಇಳಿಸಬಹುದು, ಆವರ್ತಗಳನ್ನು ಬದಲಾಯಿಸಲಾಗದು. ಈ ಬಗೆಯ ಮೋಟಾರಿನ ವೇಗವು ಆವರ್ತಗಳನ್ನು ಅವಲಂಬಿಸಿದೆ. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರವು ೬೦ ಆವರ್ತಗಳಿಗೆ ನಿಮಿಷಕ್ಕೆ ೧,೮೦೦ ಸುತ್ತು, ೫೦ ಆವರ್ತಗಳಿಗೆ ೧,೫೦೦ ಸುತ್ತು ತಿರುಗುತ್ತದೆ. ಮೋಟಾರು ಅದಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಆದುದರಿಂದ ಆ ಯಂತ್ರವು ಇಲ್ಲಿ ಆರರಲ್ಲಿ ಒಂದು ಪಾಲು ನಿಧಾನವಾಗಿ ಕಲಕುತ್ತದೆ. ಪೂರ್ಣ ೧೨೦ ವೋಲ್ಟುಗಳನ್ನು ಕೊಟ್ಟರೆ ಮೋಟಾರು ಹೆಚ್ಚು ಪ್ರವಾಹವನ್ನು ಸೆಳೆದು ಬಿಸಿಯೇರುವುದರಿಂದ, ವೋಲ್ಟುಗಳನ್ನೂ ಅದೇ ಪ್ರಮಾಣದಲ್ಲಿ, ಎಂದರೆ ಸುಮಾರು ೧೦೦ಕ್ಕೆ, ತಗ್ಗಿಸಬೇಕಾಗುತ್ತದೆ.

ಎಲ್ಲವೂ ಸಿದ್ಧವಾದ ಮೇಲೆ ಪರೀಕ್ಷೆಯನ್ನು ಹಂತಹಂತವಾಗಿ ಮಾಡಬೇಕು. ಮೊದಲು ಕೈಯಿಂದ ತಿರುಗಿಸಿ ನೋಡುವುದು, ಆಮೇಲೆ ನೀರು ತುಂಬಿ ಒಂದು ಗಂಟೆ ಬಿಟ್ಟು ಸೋರಿಕೆಯಿದೆಯೇ ಎಂದು ನೋಡುವುದು, ಆಮೇಲೆ ವಿದ್ಯುತ್ತು, ಆಮೇಲೆ ಒಂದೆರಡು ಬಟ್ಟೆ, ಎಲ್ಲಕ್ಕಿಂತ ಕೊನೆಗೆ ಹಿಂಡುವ ಉರುಳೆಗಳು.

೬. ಉರುಳೆಗಳ ಅಪಾಯ

ಕಬ್ಬಿನ ರಸದ ಅಂಗಡಿಯಲ್ಲಿ ಕಬ್ಬನ್ನು ಗಾಣಕ್ಕೆ ಕೊಡುವವನ ಕೈಯನ್ನು ಗಮನಿಸಿರಿ. ಉರುಳೆಗಳ ಸಮೀಪಕ್ಕೆ ಬಂದೊಡನೆ ಅವನು ಕಬ್ಬನ್ನು ಬಿಟ್ಟುಬಿಡುತ್ತಾನೆ. ಒಗೆಯುವ ಯಂತ್ರದ ಉರುಳೆಗಳಿಗೂ ಬಟ್ಟೆ ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ. ತೋಳಿನ ಬಟ್ಟೆಯೋ ಕೂದಲೋ ಸಿಕ್ಕಿಕೊಂಡರೆ ಅದರೊಡನೆ ಕೈಯನ್ನೂ ಎಳೆದುಕೊಳ್ಳುತ್ತವೆ. ಈ ಯಂತ್ರಗಳು ಮನೆಮನೆಯಲ್ಲಿದ್ದ ಕಾಲದಲ್ಲಿ ಇಂತಹ ಗಾಯಗಳು ಅಷ್ಟು ಸಾಮಾನ್ಯವಾಗಿದ್ದವು. ಅಮೆರಿಕದ ವೈದ್ಯರು ಅವಕ್ಕೆ ಪ್ರತ್ಯೇಕವಾದ ಹೆಸರನ್ನೇ ಇಟ್ಟಿದ್ದರು. ಗಾಯಗೊಂಡವರಲ್ಲಿ ತಾಯಿಯ ಬಳಿ ನಿಂತು ಆಡುತ್ತಿದ್ದ ಚಿಕ್ಕಮಕ್ಕಳು ಬಹಳ. ಆದಕಾರಣವೇ ಒಂದು ಪೆಟ್ಟು ತಗಲಿದೊಡನೆ ಉರುಳೆಗಳನ್ನು ಬೇರ್ಪಡಿಸುವ ಸನ್ನೆಯನ್ನು ಅಳವಡಿಸಿದರು. ಜೀರ್ಣೋದ್ಧಾರ ಮಾಡುವವನು ಮೊದಲು ಸರಿಪಡಿಸಬೇಕಾದುದು ಈ ಸನ್ನೆಯನ್ನು. ಹಳೆಯದರ ಮೇಲಿನ ಅಭಿಮಾನವು ಹಳೆಯ ಅಪಾಯಗಳನ್ನು ಮರೆಸಬಾರದು.

೭. ಇದರಿಂದ ತಿಳಿಯುವುದೇನು?

ಹಳೆಯ ಯಂತ್ರವನ್ನು ಸರಿಪಡಿಸಿದವನಿಗೆ ಅದನ್ನು ಮಾಡಿದವರ ಮತ್ತು ಬಳಸಿದವರ ಬಾಳು ತಿಳಿಯುತ್ತದೆ. ಹಿಡಿಕೆಯ ಒಂದು ಕಡೆ ಬಣ್ಣ ಸವೆದಿದ್ದರೆ, ಅಲ್ಲಿ ಒಬ್ಬ ಹೆಣ್ಣುಮಗಳ ಕೈ ಎಷ್ಟೋ ವರ್ಷಗಳ ಕಾಲ ಆಡಿದೆ ಎಂದರ್ಥ. ಬಲ್ಲವರು ಇಂತಹ ಗುರುತುಗಳನ್ನು ಬಣ್ಣ ಬಳಿದು ಅಳಿಸುವುದಿಲ್ಲ.

ಯಂತ್ರವು ಅವಳ ಶ್ರಮವನ್ನು ಎಷ್ಟು ಇಳಿಸಿತು? ಒಂದು ದಿನದ ಒಗೆತಕ್ಕೆ ೨೦೦ ಲೀಟರ್ ನೀರು ಬೇಕೆಂದು ಭಾವಿಸೋಣ. ಲೀಟರಿಗೆ ಒಂದು ಕಿಲೋಗ್ರಾಮಿನಂತೆ ಅದು ೨೦೦ ಕಿಲೋಗ್ರಾಮ್ ಭಾರ. ನಲ್ಲಿಯಿಲ್ಲದ ಮನೆಯಲ್ಲಿ ಯಂತ್ರವಿದ್ದರೂ ಈ ನೀರನ್ನು ಹೊರುವವಳು ಅವಳೇ, ಕಾಯಿಸುವವಳು ಅವಳೇ. ನಮ್ಮ ನಗರದ ಚಾಳುಗಳಲ್ಲಿ ಬೆಳಗಿನ ಜಾವಕ್ಕೆ ಎದ್ದು ನೀರು ಹಿಡಿಯುವ ತಾಯಂದಿರನ್ನು ಕಂಡ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ರೂತ್ ಶ್ವಾರ್ಟ್ಸ್ ಕೋವನ್ ಎಂಬ ಅಮೆರಿಕದ ಇತಿಹಾಸಜ್ಞೆಯು ೧೯೮೩ರಲ್ಲಿ ಪ್ರಕಟಿಸಿದ "ಮೋರ್ ವರ್ಕ್ ಫಾರ್ ಮದರ್" ಎಂಬ ಗ್ರಂಥದಲ್ಲಿ ಈ ಪ್ರಶ್ನೆಯನ್ನು ವಿಚಾರಿಸಿದ್ದಾರೆ. ಯಂತ್ರಗಳು ಬಂದು ಕೆಲಸದ ಕಷ್ಟವು ಇಳಿದರೂ, ಬಟ್ಟೆಯನ್ನು ಮೊದಲಿಗಿಂತ ಹೆಚ್ಚು ಸಲ ಬದಲಾಯಿಸುವ ರೂಢಿ ಬಂದಿತು. ಹಿಂದೆ ಹೊರಗೆ ಕೊಡುತ್ತಿದ್ದ ಒಗೆತವೂ ಮರಳಿ ತಾಯಿಯ ಪಾಲಿಗೇ ಬಂದಿತು. ಹೀಗಾಗಿ ಅವಳಿಗೆ ಬಿಡುವು ಹೆಚ್ಚಲಿಲ್ಲ ಎಂಬುದು ಅವರ ವಾದ. ಯಂತ್ರವನ್ನು ಹೊಗಳುವಾಗ ಈ ಮಾತನ್ನೂ ನೆನಪಿನಲ್ಲಿಡಬೇಕು.

ಇನ್ನು, ಅದನ್ನು ತಯಾರಿಸಿದ ಕೈಗಳ ಕಥೆ. ೧೯೩೮ರಲ್ಲಿ ಕೂಲಿಯನ್ನು ಶೇಕಡ ೧೦ರಷ್ಟು ಇಳಿಸಿದುದಕ್ಕಾಗಿ ನ್ಯೂಟನ್ನಿನ ಕಾರ್ಮಿಕರು ದೊಡ್ಡ ಮುಷ್ಕರವನ್ನು ಹೂಡಿದ್ದರು. ೨೦೦೬ರಲ್ಲಿ ಮೇಟ್ಯಾಗ್ ಸಂಸ್ಥೆಯನ್ನು ವರ್ಲ್‌ಪೂಲ್ ಸಂಸ್ಥೆಯು ಕೊಂಡುಕೊಂಡಿತು. ೨೦೦೭ರಲ್ಲಿ ನ್ಯೂಟನ್ನಿನ ಕಾರ್ಖಾನೆ ಮುಚ್ಚಿತು. ಒಂದು ಕಾಲಕ್ಕೆ ಒಗೆಯುವ ಯಂತ್ರಗಳ ರಾಜಧಾನಿಯೆಂದು ಹೆಸರಾಗಿದ್ದ ಊರು ಅದು. ಗಿರಣಿಗಳು ಮುಚ್ಚಿದ ನಗರದಲ್ಲಿ ವಾಸಿಸುವ ನಮಗೆ ಆ ಊರಿನವರ ಮನಸ್ಸು ಅರ್ಥವಾಗದಿರದು. ಕಾರ್ಖಾನೆ ಹೋದರೂ ಅವರು ಮಾಡಿದ ಯಂತ್ರ ಉಳಿದಿದೆ. ಅಲ್ಲಿನ ಜಾಸ್ಪರ್ ಕೌಂಟಿಯ ಇತಿಹಾಸ ವಸ್ತುಸಂಗ್ರಹಾಲಯವು ಅವುಗಳನ್ನು ಕಾಪಾಡಿಕೊಂಡು ಬಂದಿದೆ. ಕೊಲೊರಾಡೊ ಸಂಸ್ಥಾನದ ಈಟನ್ ಎಂಬಲ್ಲಿ ಲೀ ಮ್ಯಾಕ್ಸ್‌ವೆಲ್ ಎಂಬ ನಿವೃತ್ತ ಪ್ರಾಧ್ಯಾಪಕರು ಒಂದು ಸಾವಿರಕ್ಕೂ ಹೆಚ್ಚು ಒಗೆಯುವ ಯಂತ್ರಗಳನ್ನು ಸಂಗ್ರಹಿಸಿದರು.

ವಿದ್ಯಾರ್ಥಿಗಳೇ, ಇಂದಿನ ಯಂತ್ರಗಳು ನೀರನ್ನೂ ವಿದ್ಯುತ್ತನ್ನೂ ಉಳಿಸುವುದರಲ್ಲಿ ಹಳೆಯವುಗಳನ್ನು ಮೀರಿಸಿವೆ; ಅವುಗಳನ್ನು ಹಳಿಯಲು ಕಾರಣವಿಲ್ಲ. ಆದರೆ ಅವುಗಳ ಒಳಗಿನ ಫಲಕಗಳು ಕೆಟ್ಟರೆ ತೆಗೆದೆಸೆದು ಬೇರೆಯದನ್ನು ಹಾಕುತ್ತಾರೆ. ಯಾವುದು ಏಕೆ ಕೆಟ್ಟಿತೆಂದು ನೋಡುವವರು ವಿರಳ. ನಿಮ್ಮ ಮನೆಯಲ್ಲಿ ಹಳೆಯ ಹೊಲಿಗೆಯಂತ್ರವೋ ಗಡಿಯಾರವೋ ಸೈಕಲ್ಲೋ ಮೂಲೆ ಸೇರಿರಬಹುದು. ಗುಜರಿಗೆ ಹಾಕುವ ಮೊದಲು ಹಿರಿಯರ ಎದುರಿನಲ್ಲಿ ಅದನ್ನೊಮ್ಮೆ ಬಿಚ್ಚಿ ನೋಡಿರಿ. ಯಾವ ಭಾಗವು ಯಾವುದನ್ನು ತಿರುಗಿಸುತ್ತದೆ ಎಂದು ಚಿತ್ರ ಬರೆಯಿರಿ. ಅದು ಮತ್ತೆ ಓಡಿದರೆ ಸಂತೋಷ. ಓಡದಿದ್ದರೂ ಅದೇಕೆ ಓಡುವುದಿಲ್ಲವೆಂಬುದು ನಿಮಗೆ ತಿಳಿದಿರುತ್ತದೆ. ಆ ತಿಳಿವು ಪರೀಕ್ಷೆಯ ನಂತರವೂ ಉಳಿಯುವಂಥದು.

ಅಭ್ಯಾಸ

೧. ಮೋಟಾರು ನಿಮಿಷಕ್ಕೆ ೧,೭೨೫ ಸುತ್ತು ತಿರುಗುತ್ತದೆ. ಅದರ ರಾಟೆಯ ವ್ಯಾಸ ೨ ಅಂಗುಲ, ಎದುರಿನ ರಾಟೆಯ ವ್ಯಾಸ ೧೦ ಅಂಗುಲವಾದರೆ ಎರಡನೆಯದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುವುದು?

೨. ಹಿಂಡುವ ಭಾಗವನ್ನು ಕಳಚಿದ ಮೇಲೆ ಯಂತ್ರವು ಸುಲಭವಾಗಿ ಉರುಳುವುದಿಲ್ಲ. ಕಾರಣವನ್ನು ಚಿತ್ರದೊಡನೆ ವಿವರಿಸಿರಿ.

೩. ಕಾದ ನೀರಿನಿಂದ ಅಲ್ಯುಮಿನಿಯಂ ಸಾಧನವು ಉಕ್ಕಿನ ಕಂಬಿಯಿಂದ ಸಡಿಲವಾಗುತ್ತದೆ. ಸಾಧನವು ಉಕ್ಕಿನದಾಗಿ ಕಂಬಿಯು ಅಲ್ಯುಮಿನಿಯಮಿನದಾಗಿದ್ದರೆ ಏನಾಗುತ್ತಿತ್ತು?

೪. ನಿಮ್ಮ ಮನೆಯಲ್ಲಿ ಒಂದು ದಿನದ ಒಗೆತಕ್ಕೆ ಎಷ್ಟು ಲೀಟರ್ ನೀರು ಬೇಕಾಗುತ್ತದೆ? ಅದನ್ನು ಹಿಡಿದು, ಹೊತ್ತು, ತುಂಬುವವರು ಯಾರು? ಅಳೆದು, ಕೇಳಿ, ಬರೆಯಿರಿ.